ಚಾರ್ಜ್: ಒಂದು ಪದ, ಹಲವು ಹೊರೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ‘ಚಾರ್ಜ್’ ಎಂಬ ಒಂದೇ ಇಂಗ್ಲಿಷ್ ಪದವನ್ನು ಕುರಿತ ಪ್ರಶ್ನೆಗಳು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ವೃತ್ತಿಯವರಿಂದ ಬಂದಿವೆ. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೂ ಬೆಳಕು ಚೆಲ್ಲುವಂತಿರುವುದರಿಂದ ಈ ಸಂಚಿಕೆಯನ್ನು ಆ ಪದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೊಬೈಲಿಗೆ ಚಾರ್ಜ್ ಮಾಡುತ್ತೇವೆ, ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಹೊಸ ಅಧಿಕಾರಿ ಚಾರ್ಜ್ ತೆಗೆದುಕೊಳ್ಳುತ್ತಾರೆ, ಅಂಗಡಿಯವರು ಚಾರ್ಜ್ ಹೇಳುತ್ತಾರೆ. ಇವೆಲ್ಲ ಒಂದೇ ಪದವೇ, ಅಥವಾ ಉಚ್ಚಾರಣೆ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ? ತರಗತಿಯಲ್ಲಿ ಮಕ್ಕಳಿಗೆ ಹೇಗೆ ವಿವರಿಸಲಿ? (ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ)

ಇವೆಲ್ಲವೂ ಒಂದೇ ಪದ. ಇದರ ಮೂಲದಲ್ಲಿ ಒಂದು ಗಾಡಿ ಇದೆ. ಇಂದಿನ ಫ್ರಾನ್ಸಿನ ನೆಲದಲ್ಲಿ ವಾಸವಾಗಿದ್ದ ಗಾಲ್ ಜನರು ತಮ್ಮ ಬಂಡಿಗೆ ಬಳಸುತ್ತಿದ್ದ ಹೆಸರನ್ನು ರೋಮನ್ನರು ‘ಕಾರ್ರುಸ್’ ಎಂದು ತಮ್ಮ ಲ್ಯಾಟಿನ್ನಿಗೆ ತೆಗೆದುಕೊಂಡರು. ಅದರಿಂದ ‘ಬಂಡಿಗೆ ಹೇರು’ ಎಂಬ ಅರ್ಥದ ‘ಕಾರ್ರಿಕಾರೆ’ ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನಲ್ಲಿ ಸವೆದು ರೂಪ ಬದಲಿಸಿ, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿತು. ನಾವು ದಿನವೂ ನೋಡುವ ‘ಕಾರು’ ಇದೇ ಮನೆತನದ್ದು. ಹಡಗಿನ ಸರಕಿಗೆ ಹೇಳುವ ‘ಕಾರ್ಗೋ’ ಸ್ಪ್ಯಾನಿಷ್ ಮೂಲಕ ಬಂದ ಇದರ ಸೋದರ. ವ್ಯಂಗ್ಯಚಿತ್ರಕ್ಕೆ ಹೇಳುವ ‘ಕ್ಯಾರಿಕೇಚರ್’ ಕೂಡ ಇಟಾಲಿಯನ್ ಮೂಲಕ ಬಂದ ಬಂಧುವೇ: ಮೂಗನ್ನೋ ಹೊಟ್ಟೆಯನ್ನೋ ಅಳತೆ ಮೀರಿ ಬರೆದು ಚಿತ್ರಕ್ಕೆ ಅತಿಭಾರ ಹೇರುವುದು ಎಂಬುದು ಅದರ ಮೂಲಭಾವ.

ಹೀಗೆ ‘ಹೇರುವುದು, ಹೊರಿಸುವುದು’ ಎಂಬ ಒಂದು ಚಿತ್ರವನ್ನು ಮಕ್ಕಳ ಮುಂದಿಟ್ಟರೆ ಉಳಿದುದನ್ನು ಅವರೇ ಬಿಡಿಸಿಕೊಳ್ಳುತ್ತಾರೆ. ಪ್ರತಿ ಬಳಕೆಯಲ್ಲೂ ಯಾರು, ಯಾರ ಮೇಲೆ, ಏನನ್ನು ಹೊರಿಸುತ್ತಿದ್ದಾರೆ ಎಂದು ಕೇಳಿಸಿ. ಅಂಗಡಿಯವನು ಗಿರಾಕಿಯ ಮೇಲೆ ಹಣದ ಹೊರೆ ಇಡುತ್ತಾನೆ, ಅದು ದರ. ಪೊಲೀಸರು ಒಬ್ಬನ ಮೇಲೆ ಅಪರಾಧ ಹೊರಿಸುತ್ತಾರೆ, ಅದು ಆರೋಪ. ಸರ್ಕಾರ ಅಧಿಕಾರಿಯ ಮೇಲೆ ಹೊಣೆ ಹೊರಿಸುತ್ತದೆ, ಅದು ಪ್ರಭಾರ. ಸೈನಿಕನು ಬಂದೂಕಿಗೆ ಮದ್ದು ತುಂಬುತ್ತಾನೆ, ಅದೂ ಚಾರ್ಜ್. ಬ್ಯಾಟರಿಯ ಅರ್ಥ ಬಂದೂಕಿನಿಂದಲೇ ಕವಲೊಡೆಯಿತು, ಅದನ್ನು ಮುಂದೆ ಹೇಳುತ್ತೇನೆ.

ಕನ್ನಡದ ಮಕ್ಕಳಿಗೆ ಇದು ಪರಕೀಯವಾದ ಕಲ್ಪನೆಯೂ ಅಲ್ಲ. ನಾವು ‘ತೆರಿಗೆಯ ಹೊರೆ’ ಎನ್ನುತ್ತೇವೆ, ‘ಕಳ್ಳತನ ಹೊರಿಸಿದರು’ ಎನ್ನುತ್ತೇವೆ, ‘ಜವಾಬ್ದಾರಿ ಹೊತ್ತುಕೊಂಡರು’ ಎನ್ನುತ್ತೇವೆ. ಹಣ, ಅಪವಾದ, ಹೊಣೆ ಮೂರಕ್ಕೂ ‘ಹೊರು’ ಎಂಬ ಒಂದೇ ಧಾತು ದುಡಿಯುತ್ತಿದೆ. ನಾವು ಸಂಸ್ಕೃತದಿಂದ ಪಡೆದ ಪದಗಳಲ್ಲೂ ಇದೇ ಕಾಣುತ್ತದೆ. ‘ಆರೋಪ’ ಎಂದರೆ ಮೂಲದಲ್ಲಿ ಒಂದರ ಮೇಲೆ ಇನ್ನೊಂದನ್ನು ಏರಿಸುವುದು. ರೂಪಕಾಲಂಕಾರದಲ್ಲಿ ಉಪಮೇಯದ ಮೇಲೆ ಉಪಮಾನವನ್ನು ಆರೋಪಿಸುತ್ತಾರೆ ಎಂದು ವ್ಯಾಕರಣ ತರಗತಿಯಲ್ಲಿ ಹೇಳುವಾಗ ಆ ಹಳೆಯ ಅರ್ಥವೇ ಇರುತ್ತದೆ. ‘ಪ್ರಭಾರ’ದೊಳಗೆ ‘ಭಾರ’ ಕಣ್ಣಿಗೆ ಕಾಣುವಂತೆಯೇ ಇದೆ. ‘ಅಧಿಕಾರ ವಹಿಸಿಕೊಂಡರು’ ಎಂಬಲ್ಲಿನ ‘ವಹಿಸು’ ಕೂಡ ಹೊರುವುದು ಎಂಬ ಅರ್ಥದ ‘ವಹ್’ ಧಾತುವಿನಿಂದ ಬಂದದ್ದು. ಕನ್ನಡ, ಇಂಗ್ಲಿಷಿನಂತೆ ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಭಾಷೆಗಳು ಒಂದೇ ಅನುಭವದಿಂದ ಒಂದೇ ಬಗೆಯ ಅರ್ಥಗಳನ್ನು ಕಟ್ಟಿಕೊಂಡಿರುವ ಇಂಥ ಉದಾಹರಣೆಯನ್ನು ತೋರಿಸಿದರೆ ಮಕ್ಕಳು ಇಂಗ್ಲಿಷಿನ ಹಲವರ್ಥದ ಪದಗಳಿಗೆ ಹೆದರುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಹದಿನೈದು ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಆಗದ ಕೆಲಸ ಇದರಿಂದ ಆಗುತ್ತದೆ.

ಪ್ರಶ್ನೆ: ಪತ್ರಿಕೆಗಳಲ್ಲಿ ಒಂದು ದಿನ ‘ಚಾರ್ಜ್‌ಶೀಟ್ ಸಲ್ಲಿಕೆ’ ಎಂದೂ, ಕೆಲವು ತಿಂಗಳ ನಂತರ ಅದೇ ಪ್ರಕರಣದಲ್ಲಿ ‘ದೋಷಾರೋಪ ನಿಗದಿ’ ಎಂದೂ, ನಡುವೆ ‘ಡಿಸ್ಚಾರ್ಜ್ ಅರ್ಜಿ ವಜಾ’ ಎಂದೂ ಓದುತ್ತೇನೆ. ಎರಡೆರಡು ಸಲ ಆರೋಪ ಹೊರಿಸುತ್ತಾರೆಯೇ? (ನಿವೃತ್ತ ಅಂಚೆ ನೌಕರರು, ಶಿರಸಿ)

ಈ ಗೊಂದಲಕ್ಕೆ ಓದುಗರು ಕಾರಣರಲ್ಲ. ಕನ್ನಡದ ಸುದ್ದಿಬರಹಗಳಲ್ಲಿ ಎರಡು ಬೇರೆ ಬೇರೆ ಹಂತಗಳಿಗೆ ‘ಆರೋಪ’ ಎಂಬ ಒಂದೇ ಪದ ಬಳಕೆಯಾಗುತ್ತಿರುವುದು ಇದಕ್ಕೆ ಕಾರಣ, ಮತ್ತು ಒಬ್ಬ ಮನುಷ್ಯನ ಮಾನಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಚಾರ್ಜ್‌ಶೀಟ್ ಎಂಬುದು ಪೊಲೀಸರ ದಾಖಲೆ. ತನಿಖೆ ಮುಗಿದ ಮೇಲೆ ತನಿಖಾಧಿಕಾರಿಯು ತಾನು ಕಂಡುಕೊಂಡ ಸಂಗತಿಗಳನ್ನು, ಸಾಕ್ಷಿಗಳ ಹೆಸರುಗಳನ್ನು, ಯಾರು ಅಪರಾಧ ಮಾಡಿರುವಂತೆ ತೋರುತ್ತದೆ ಎಂಬುದನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಒಪ್ಪಿಸುವ ವರದಿ ಅದು. ಕಾನೂನು ಅದನ್ನು ಪೊಲೀಸ್ ವರದಿ ಎಂದು ಮಾತ್ರ ಕರೆಯುತ್ತದೆ. ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 173ನೆಯ ಪ್ರಕರಣದಲ್ಲಿದ್ದ ಈ ವಿಧಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193ನೆಯ ಪ್ರಕರಣವಾಗಿದೆ. ತನಿಖೆಯಲ್ಲಿ ಏನೂ ಸಿಗದಿದ್ದರೆ ನಮ್ಮ ಠಾಣೆಗಳಲ್ಲಿ ‘ಬಿ ರಿಪೋರ್ಟ್’ ಎಂದು ಕರೆಯುವ ಮುಕ್ತಾಯದ ವರದಿ ಹೋಗುತ್ತದೆ. ಬಂಧನದಲ್ಲಿರುವವನ ವಿಷಯದಲ್ಲಿ ಈ ವರದಿಗೆ ಗಡುವು ಉಂಟು: ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕೂ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರೊಳಗೆ ವರದಿ ಹೋಗದಿದ್ದರೆ ಜಾಮೀನು ಕೇಳುವ ಹಕ್ಕು ಆತನಿಗೆ ಹುಟ್ಟುತ್ತದೆ. ‘90 ದಿನಗಳೊಳಗೆ ಚಾರ್ಜ್‌ಶೀಟ್’ ಎಂಬ ಧಾವಂತದ ಸುದ್ದಿಗಳ ಹಿಂದಿರುವುದು ಇದೇ ಲೆಕ್ಕ.

ದೋಷಾರೋಪ ನಿಗದಿಯು ನ್ಯಾಯಾಲಯದ ಕೆಲಸ. ಪೊಲೀಸರ ವರದಿಯನ್ನೂ ಅದರ ಜೊತೆಗಿನ ದಾಖಲೆಗಳನ್ನೂ ಓದಿ, ಎರಡೂ ಕಡೆಯ ವಾದ ಕೇಳಿ, ವಿಚಾರಣೆ ನಡೆಸಲು ಸಾಕಷ್ಟು ಆಧಾರವಿದೆ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ, ಯಾವ ಕಾನೂನಿನ ಯಾವ ಕಲಮಿನ ಅಡಿಯಲ್ಲಿ, ಯಾವ ಕೃತ್ಯಕ್ಕಾಗಿ ವಿಚಾರಣೆ ನಡೆಯುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆದು ಆರೋಪಿಗೆ ಓದಿ ಹೇಳುತ್ತಾರೆ. ಒಪ್ಪುತ್ತೀಯೋ, ವಿಚಾರಣೆ ಬಯಸುತ್ತೀಯೋ ಎಂದು ಕೇಳುತ್ತಾರೆ. ಕಾನೂನಿನ ಭಾಷೆಯಲ್ಲಿ ‘ಚಾರ್ಜ್’ ಎಂಬ ಹೆಸರಿಗೆ ಅರ್ಹವಾದದ್ದು ಇದೊಂದೇ. ಪೊಲೀಸರು ಹತ್ತು ಕಲಮುಗಳನ್ನು ಹಾಕಿದ್ದರೂ ನ್ಯಾಯಾಲಯ ಆರನ್ನು ಕೈಬಿಟ್ಟು ನಾಲ್ಕರಲ್ಲಿ ಮಾತ್ರ ದೋಷಾರೋಪ ರೂಪಿಸಬಹುದು.

ಇವೆರಡರ ನಡುವೆ ಬರುವುದು ಡಿಸ್ಚಾರ್ಜ್. ಹೊರಿಸಿದ್ದನ್ನು ಇಳಿಸುವುದು ಎಂಬುದೇ ಅದರ ಪದಾರ್ಥ. ವಿಚಾರಣೆಗೆ ಆಧಾರವೇ ಇಲ್ಲವೆಂದು ನ್ಯಾಯಾಲಯಕ್ಕೆ ಕಂಡರೆ ಆರೋಪಿಯನ್ನು ಆ ಹಂತದಲ್ಲೇ ಬಿಟ್ಟುಬಿಡುತ್ತದೆ. ಇದನ್ನು ‘ಖುಲಾಸೆ’ ಎಂದು ಬರೆಯುವುದು ತಪ್ಪು. ಖುಲಾಸೆಯು ವಿಚಾರಣೆ ಪೂರ್ತಿ ನಡೆದು, ಸಾಕ್ಷ್ಯಗಳನ್ನು ತೂಗಿ ನೋಡಿದ ಮೇಲೆ ಬರುವ ತೀರ್ಪು. ಡಿಸ್ಚಾರ್ಜಿನಲ್ಲಿ ವಿಚಾರಣೆಯೇ ಆರಂಭವಾಗಿರುವುದಿಲ್ಲ. ಮುಂದೆ ಹೊಸ ಸಾಕ್ಷ್ಯ ದೊರೆತರೆ ಮತ್ತೆ ಕ್ರಮ ಕೈಗೊಳ್ಳಲು ಅವಕಾಶ ಉಳಿದಿರುತ್ತದೆ. ಪೊಲೀಸರದಕ್ಕೆ ‘ತನಿಖಾ ವರದಿ’ ಅಥವಾ ಜನ ಬಳಸುವ ‘ಚಾರ್ಜ್‌ಶೀಟ್’, ನ್ಯಾಯಾಲಯದ್ದಕ್ಕೆ ಮಾತ್ರ ‘ದೋಷಾರೋಪ’, ಡಿಸ್ಚಾರ್ಜಿಗೆ ‘ವಿಚಾರಣೆಗೆ ಮುನ್ನ ಬಿಡುಗಡೆ’ ಎಂದು ಪತ್ರಿಕೆಗಳು ಕಟ್ಟುನಿಟ್ಟಾಗಿ ಬರೆದರೆ ಎಷ್ಟೋ ತಪ್ಪು ತಿಳಿವಳಿಕೆ ತಪ್ಪುತ್ತದೆ. ಚಾರ್ಜ್‌ಶೀಟ್ ಸಲ್ಲಿಕೆಯಾದ ದಿನವೇ ಒಬ್ಬನನ್ನು ಅಪರಾಧಿಯೆಂದು ಊರು ತೀರ್ಮಾನಿಸಿಬಿಡುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದು ಮಾತು. ಕಳ್ಳತನದ ಆರೋಪ ಎನ್ನುವಾಗ ‘ಚಾರ್ಜ್ಡ್ ವಿತ್ ಥೆಫ್ಟ್’ ಎಂದೂ ‘ಅಕ್ಯೂಸ್ಡ್ ಆಫ್ ಥೆಫ್ಟ್’ ಎಂದೂ ಬರೆಯಬೇಕು. ‘ಚಾರ್ಜ್ಡ್ ಫಾರ್’ ಎಂದರೆ ಅದಕ್ಕೆ ಹಣ ಪಡೆದರು ಎಂಬ ಅರ್ಥವೇ ಮೊದಲು ಬರುತ್ತದೆ.

ಪ್ರಶ್ನೆ: ಪಠ್ಯಪುಸ್ತಕದಲ್ಲಿ ಚಾರ್ಜ್ ಎಂದರೆ ವಿದ್ಯುದಾವೇಶ. ಹಾಗಾದರೆ ಮೊಬೈಲನ್ನು ಚಾರ್ಜಿಗೆ ಹಾಕಿದಾಗ ಬ್ಯಾಟರಿಯೊಳಗೆ ವಿದ್ಯುದಾವೇಶ ತುಂಬಿಕೊಳ್ಳುತ್ತದೆಯೇ? (ಪಿಯುಸಿ ವಿದ್ಯಾರ್ಥಿ, ಗದಗ)

ತುಂಬಿಕೊಳ್ಳುವುದಿಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲೂ ಖಾಲಿಯಾದ ಬ್ಯಾಟರಿಯಲ್ಲೂ ಧನ ಮತ್ತು ಋಣ ಆವೇಶಗಳು ಒಟ್ಟಿನಲ್ಲಿ ಸಮವಾಗಿಯೇ ಇರುತ್ತವೆ. ನಮ್ಮ ಫೋನುಗಳ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಒಂದು ವಿದ್ಯುದ್ವಾರದಿಂದ ಹೊರಟು ದ್ರಾವಣದ ಮೂಲಕ ಸಾಗಿ, ಸಾಮಾನ್ಯವಾಗಿ ಗ್ರಾಫೈಟಿನಿಂದ ಮಾಡಿದ ಇನ್ನೊಂದು ವಿದ್ಯುದ್ವಾರದ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಅವುಗಳಿಗೆ ಸರಿಯಾಗಿ ಎಲೆಕ್ಟ್ರಾನುಗಳು ಹೊರಗಿನ ತಂತಿಯ ದಾರಿಯಲ್ಲಿ ಅದೇ ವಿದ್ಯುದ್ವಾರವನ್ನು ತಲಪುತ್ತವೆ. ಫೋನು ಬಳಸುವಾಗ ಇದೆಲ್ಲ ಹಿಮ್ಮುಖವಾಗಿ ನಡೆಯುತ್ತದೆ. ಎತ್ತರದ ತೊಟ್ಟಿಗೆ ನೀರನ್ನು ಪಂಪು ಮಾಡಿಟ್ಟು ಬೇಕಾದಾಗ ಇಳಿಸಿಕೊಳ್ಳುವಂತೆ, ಇಲ್ಲಿ ಶೇಖರವಾಗುವುದು ಶಕ್ತಿ.

ಹಾಗಿದ್ದೂ ‘ಚಾರ್ಜ್’ ಎಂಬ ಹೆಸರು ಏಕೆ ಬಂತು ಎಂಬುದಕ್ಕೆ 18ನೆಯ ಶತಮಾನಕ್ಕೆ ಹೋಗಬೇಕು. 1745 ಮತ್ತು 1746ರಲ್ಲಿ ಯೂರೋಪಿನ ಇಬ್ಬರು ಪ್ರಯೋಗಶೀಲರು ಬೇರೆ ಬೇರೆಯಾಗಿ, ವಿದ್ಯುತ್ತನ್ನು ಹಿಡಿದಿಡಬಲ್ಲ ಗಾಜಿನ ಜಾಡಿಯನ್ನು ಕಂಡುಕೊಂಡರು. ಅವರಲ್ಲೊಬ್ಬರು ಹಾಲೆಂಡಿನ ಲೈಡನ್ ನಗರದವರಾದ್ದರಿಂದ ಅದಕ್ಕೆ ಲೈಡನ್ ಜಾಡಿ ಎಂದು ಹೆಸರಾಯಿತು. ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಯಲ್ಲಿ ಈ ಜಾಡಿಗಳೊಂದಿಗೆ ಪ್ರಯೋಗ ಮಾಡಿ, ತಮ್ಮ ಫಲಿತಾಂಶಗಳನ್ನು ಲಂಡನ್ನಿನ ಗೆಳೆಯ ಪೀಟರ್ ಕಾಲಿನ್ಸನ್‌ಗೆ ಪತ್ರಗಳಲ್ಲಿ ಬರೆದರು. ಮದ್ದು ತುಂಬಿದ ಬಂದೂಕು ಒಮ್ಮೆಲೇ ಸಿಡಿದು ಖಾಲಿಯಾಗುವಂತೆ ಜಾಡಿಯೂ ಒಂದೇ ಕಿಡಿಯಲ್ಲಿ ಖಾಲಿಯಾಗುತ್ತಿದ್ದುದರಿಂದ, ತುಂಬುವುದಕ್ಕೆ ‘ಚಾರ್ಜ್’, ಖಾಲಿಯಾಗುವುದಕ್ಕೆ ‘ಡಿಸ್ಚಾರ್ಜ್’ ಎಂಬ ಮಾತುಗಳು ಸಹಜವಾಗಿ ಒದಗಿದವು. ಹಲವು ಜಾಡಿಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಅವರು ಫಿರಂಗಿಗಳ ಸಾಲಿಗೆ ಸೇನೆಯಲ್ಲಿ ಹೇಳುತ್ತಿದ್ದ ‘ಬ್ಯಾಟರಿ’ ಎಂಬ ಹೆಸರನ್ನೇ ಇಟ್ಟರು. ಧನ, ಋಣ ಎಂಬ ವಿಂಗಡಣೆಯೂ ಅವರ ಬರಹಗಳಿಂದಲೇ ಬಳಕೆಗೆ ಬಂತು. ವಿದ್ಯುತ್ತು ಒಂದು ಬಗೆಯ ದ್ರವವೆಂದೂ ಅದನ್ನು ವಸ್ತುವಿನೊಳಗೆ ತುಂಬಬಹುದೆಂದೂ ಆಗ ಭಾವಿಸಲಾಗಿತ್ತು. ವಿಜ್ಞಾನ ಮುಂದುವರಿದು ಆ ಕಲ್ಪನೆ ಬಿದ್ದುಹೋದರೂ ಪದ ಉಳಿಯಿತು.

ಕನ್ನಡದ ‘ಆವೇಶ’ದಲ್ಲಿ ಹೊರೆಯ ಚಿತ್ರವಿಲ್ಲ. ಒಳಹೊಗುವುದು ಎಂಬುದು ಅದರ ಮೂಲಾರ್ಥ. ದೇವರು ಮೈಮೇಲೆ ಬರುವುದಕ್ಕೂ ನಾವು ಅದೇ ಪದ ಬಳಸುತ್ತೇವೆ. ಭೌತವಿಜ್ಞಾನದಲ್ಲಿ ಅದು ಎಲೆಕ್ಟ್ರಾನ್, ಪ್ರೋಟಾನುಗಳ ಒಂದು ಮೂಲಗುಣದ ಹೆಸರು. ಅದರ ಏಕಮಾನ ಕೂಲಾಮ್. ಒಂದು ಎಲೆಕ್ಟ್ರಾನಿನ ಆವೇಶದ ಪ್ರಮಾಣ 1.602176634 × 10⁻¹⁹ ಕೂಲಾಮ್ ಎಂದು 2019ರ ಮೇ 20ರಿಂದ ಅಂತರರಾಷ್ಟ್ರೀಯವಾಗಿ ಖಚಿತಪಡಿಸಲಾಗಿದೆ. ಹೀಗಾಗಿ ‘ವಿದ್ಯುದಾವೇಶ’ವನ್ನು ಈ ಗುಣಕ್ಕೆ ಮೀಸಲಿಟ್ಟು, ಬ್ಯಾಟರಿಯ ವಿಷಯದಲ್ಲಿ ‘ಚಾರ್ಜ್ ಮಾಡು’ ಎಂದೇ ಬರೆಯುವುದು ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ಎರಡು ಅರ್ಥಗಳೂ ಕೂಡುತ್ತವೆ. ಬ್ಯಾಟರಿಯ ಮೇಲೆ ಬರೆದಿರುವ 5000 ಎಂಎಎಚ್ (ಮಿಲಿಆಂಪಿಯರ್ ಗಂಟೆ, ಅಂದರೆ 5 ಆಂಪಿಯರ್ ಗಂಟೆ) ಎಂಬುದು ಅದರಿಂದ ಹೊರಗಿನ ಮಂಡಲದಲ್ಲಿ ಹರಿಯಬಹುದಾದ ಆವೇಶದ ಅಳತೆ. ಐದು ಆಂಪಿಯರ್ ಪ್ರವಾಹ ಒಂದು ಗಂಟೆ, ಅಂದರೆ 3600 ಸೆಕೆಂಡು ಹರಿದರೆ 18,000 ಕೂಲಾಮ್ ಆಗುತ್ತದೆ. ಶಕ್ತಿ ಎಷ್ಟೆಂದು ತಿಳಿಯಲು ಇದನ್ನು ವೋಲ್ಟೇಜಿನಿಂದ ಗುಣಿಸಬೇಕು: 5 ಆಂಪಿಯರ್ ಗಂಟೆಯನ್ನು 3.7 ವೋಲ್ಟಿನಿಂದ ಗುಣಿಸಿದರೆ 18.5 ವ್ಯಾಟ್ ಗಂಟೆ. ವಿಮಾನದಲ್ಲಿ ಪವರ್ ಬ್ಯಾಂಕ್ ಒಯ್ಯುವವರಿಗೆ ಸಾಮಾನ್ಯವಾಗಿ ಹಾಕುವ 100 ವ್ಯಾಟ್ ಗಂಟೆಯ ಮಿತಿ ಈ ಎರಡನೆಯ ಅಳತೆಗೆ ಸೇರಿದ್ದು. 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್ ಗಂಟೆಯದಾದ್ದರಿಂದ ಆ ಮಿತಿಯೊಳಗೇ ಇರುತ್ತದೆ.

ಪ್ರಶ್ನೆ: ನನ್ನ ಜಮೀನಿನ ಮೇಲೆ ಸಾಲಕ್ಕಾಗಿ ‘ಚಾರ್ಜ್’ ಇದೆ ಎಂದು ಬ್ಯಾಂಕಿನವರು ಹೇಳಿದರು. ನಾನು ಜಮೀನನ್ನು ಅಡವಿಟ್ಟಂತಾಯಿತೇ? (ರೈತರು, ಹಾವೇರಿ ಜಿಲ್ಲೆ)

ಅಡಮಾನವೂ ಚಾರ್ಜೂ ಹತ್ತಿರದವು, ಆದರೆ ಒಂದೇ ಅಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೆಯ ಪ್ರಕರಣವು ಅಡಮಾನವನ್ನೂ 100ನೆಯ ಪ್ರಕರಣವು ಚಾರ್ಜನ್ನೂ ವಿವರಿಸುತ್ತವೆ. ಅಡಮಾನದಲ್ಲಿ ಸ್ವತ್ತಿನಲ್ಲಿರುವ ಹಿತಾಸಕ್ತಿಯ ಒಂದು ಭಾಗವೇ ಸಾಲ ಕೊಟ್ಟವರಿಗೆ ವರ್ಗವಾಗುತ್ತದೆ. ಚಾರ್ಜಿನಲ್ಲಿ ಯಾವ ಹಕ್ಕೂ ವರ್ಗವಾಗುವುದಿಲ್ಲ. ಆ ಸ್ವತ್ತಿನಿಂದ ತನಗೆ ಬರಬೇಕಾದ ಹಣವನ್ನು ವಸೂಲು ಮಾಡಿಕೊಳ್ಳುವ ಅಧಿಕಾರ ಮಾತ್ರ ಇರುತ್ತದೆ. ಒಪ್ಪಂದದಿಂದ ಮಾತ್ರವಲ್ಲದೆ ಕಾನೂನಿನಿಂದ ತಾನಾಗಿಯೂ ಚಾರ್ಜ್ ಹುಟ್ಟಬಹುದು. ಜಮೀನು ಮಾರಿದವನಿಗೆ ಪೂರ್ತಿ ಹಣ ಬರುವ ಮೊದಲೇ ಒಡೆತನ ಕೊಂಡವನಿಗೆ ಹೋಗಿದ್ದರೆ, ಬಾಕಿ ಹಣದ ಮಟ್ಟಿಗೆ ಆ ಜಮೀನಿನ ಮೇಲೆ ಮಾರಿದವನ ಚಾರ್ಜ್ ಇರುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಗಂಡನ ಸ್ವತ್ತಿನ ಮೇಲೆ ಚಾರ್ಜ್ ವಿಧಿಸುವುದುಂಟು.

ನಿಮ್ಮದು ಯಾವ ಬಗೆಯದೆಂದು ಬ್ಯಾಂಕಿನ ಪತ್ರಗಳನ್ನು ನೋಡಿಯೇ ತಿಳಿಯಬೇಕು. ಆದರೆ ಎರಡರಲ್ಲೂ ರೈತರು ಗಮನಿಸಬೇಕಾದ ಸ್ಥಳ ಒಂದೇ: ಪಹಣಿಯ 11ನೆಯ ಕಾಲಂ. ಹಕ್ಕು ಮತ್ತು ಋಣಗಳನ್ನು ಬರೆಯುವ ಆ ಕಾಲಂನಲ್ಲಿ ಬ್ಯಾಂಕಿನ ಹೆಸರೂ ಸಾಲದ ಮೊತ್ತವೂ ನಮೂದಾಗಿರುತ್ತವೆ. ಸಾಲ ತೀರಿಸಿದವರು ಬ್ಯಾಂಕಿನಿಂದ ತೀರುವಳಿ ಪತ್ರ ಪಡೆಯುವುದರ ಜೊತೆಗೆ ಈ ನಮೂದನ್ನೂ ತೆಗೆಸಬೇಕು. ಇಲ್ಲದಿದ್ದರೆ ತೀರಿದ ಸಾಲವೂ ಮಾರಾಟದ ದಿನ, ವಿಭಾಗದ ದಿನ ಎದುರಾಗುತ್ತದೆ. ನೋಂದಣಿ ಕಚೇರಿಯಲ್ಲಿ ಇಸಿ ಎಂದು ಕೇಳಿ ಪಡೆಯುವ ದಾಖಲೆಗೆ ಕನ್ನಡದಲ್ಲಿ ಋಣಭಾರ ಪತ್ರ ಎಂದಿರುವುದನ್ನು ನೀವು ಗಮನಿಸಿರಬಹುದು. ಚಾರ್ಜಿನ ಈ ಅರ್ಥಕ್ಕೆ ‘ಋಣಭಾರ’ಕ್ಕಿಂತ ಒಳ್ಳೆಯ ಮಾತು ಬೇಕಿಲ್ಲ.

ಪ್ರಶ್ನೆ: ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’ ಇವುಗಳಲ್ಲಿ ಯಾವುದು ಸರಿ? (ಕಚೇರಿ ಅಧೀಕ್ಷಕರು, ಕಲಬುರಗಿ)

ಎರಡೂ ಸರಿ, ಆದರೆ ಅರ್ಥ ತಲೆಕೆಳಗಾಗುತ್ತದೆ. ‘ದ ನರ್ಸ್ ಇಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಎಂದರೆ ನರ್ಸು ಮಗುವಿನ ಹೊಣೆ ಹೊತ್ತಿದ್ದಾಳೆ. ‘ದ ಚೈಲ್ಡ್ ಇಸ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಎಂದರೆ ಮಗು ನರ್ಸಿನ ಸುಪರ್ದಿನಲ್ಲಿದೆ. ಒಂದು ‘ದ’ ಸೇರಿದ್ದರಿಂದ ಹೊರುವವರು ಯಾರು, ಹೊರೆ ಯಾರು ಎಂಬುದು ಅದಲುಬದಲಾಯಿತು. ಇಂಗ್ಲಿಷ್ ಕಡತ ಬರೆಯುವಾಗ ಎಚ್ಚರ ಬೇಕಾದ ಜಾಗ ಇದು.

ಕನ್ನಡದ ಕಚೇರಿಗಳಲ್ಲಿ ಈ ಅರ್ಥಕ್ಕೆ ಎರಡು ಪದಗಳು ಚೆನ್ನಾಗಿ ಬೇರುಬಿಟ್ಟಿವೆ. ಹುದ್ದೆ ಖಾಲಿ ಇರುವಾಗ ತಾತ್ಕಾಲಿಕವಾಗಿ ನೋಡಿಕೊಳ್ಳುವುದು ‘ಪ್ರಭಾರ’, ಉದಾಹರಣೆಗೆ ಪ್ರಭಾರ ಮುಖ್ಯೋಪಾಧ್ಯಾಯರು. ಮೇಲಿನಿಂದ ನಿಗಾ ಇಡುವುದು ‘ಉಸ್ತುವಾರಿ’, ಉದಾಹರಣೆಗೆ ಜಿಲ್ಲಾ ಉಸ್ತುವಾರಿ ಸಚಿವರು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಬಾರದು. ನಿಮ್ಮ ಕಚೇರಿಯಲ್ಲಿ ‘ಸಿಟಿಸಿ’ ಎಂದೇ ಎಲ್ಲರೂ ಕರೆಯುವ ಪತ್ರ, ಒಬ್ಬ ಅಧಿಕಾರಿ ಇನ್ನೊಬ್ಬರಿಗೆ ಪ್ರಭಾರವನ್ನು ವಹಿಸಿಕೊಟ್ಟದ್ದರ ಪ್ರಮಾಣಪತ್ರ. ‘ಸರ್ಟಿಫಿಕೇಟ್ ಆಫ್ ಟ್ರಾನ್ಸ್‌ಫರ್ ಆಫ್ ಚಾರ್ಜ್’ ಎಂಬ ಅದರ ಹೆಸರಿನ ಕೊನೆಯ ಅಕ್ಷರದಲ್ಲಿ ಅಡಗಿರುವುದು ಇದೇ ಚಾರ್ಜ್. ರಾಯಭಾರ ಕಚೇರಿಗಳ ಸುದ್ದಿಯಲ್ಲಿ ಬರುವ ‘ಶಾರ್ಷೆ ದಫೇರ್’ ಎಂಬ ಫ್ರೆಂಚ್ ಹೆಸರಿಗೂ ‘ವ್ಯವಹಾರಗಳ ಹೊಣೆ ಹೊತ್ತವರು’ ಎಂದೇ ಅರ್ಥ. ರಾಯಭಾರಿ ಇಲ್ಲದಾಗ ಕಚೇರಿಯನ್ನು ಮುನ್ನಡೆಸುವವರ ಈ ಸ್ಥಾನವನ್ನು 1961ರ ವಿಯೆನ್ನಾ ಒಪ್ಪಂದ ಗುರುತಿಸಿದೆ. 2019ರ ಆಗಸ್ಟಿನಲ್ಲಿ ಪಾಕಿಸ್ತಾನವು ಭಾರತದ ಹೈಕಮಿಷನರರನ್ನು ಹಿಂದಕ್ಕೆ ಕಳಿಸಿದ ಮೇಲೆ ಇಸ್ಲಾಮಾಬಾದಿನ ನಮ್ಮ ಕಚೇರಿಯನ್ನು ನಡೆಸಿದವರು ಇಂಥ ಅಧಿಕಾರಿಗಳೇ.

ಪ್ರಶ್ನೆ: ‘ಬಸ್ ಚಾರ್ಜ್’ ಎನ್ನುವುದು ತಪ್ಪು ಇಂಗ್ಲಿಷ್ ಎಂದು ಮಗಳು ತಿದ್ದುತ್ತಾಳೆ. ನಿಜವೇ? (ಗೃಹಿಣಿ, ತುಮಕೂರು)

ಇಂಗ್ಲಿಷ್ ಮಾತನಾಡುವಾಗ ನಿಮ್ಮ ಮಗಳು ಹೇಳುವುದು ಸರಿ. ಪ್ರಯಾಣಕ್ಕೆ ಕೊಡುವ ಹಣ ಅಲ್ಲಿ ‘ಫೇರ್’, ವಸ್ತುವಿಗೆ ಕೊಡುವುದು ‘ಪ್ರೈಸ್’, ವೈದ್ಯರಿಗೋ ಶಾಲೆಗೋ ಕೊಡುವುದು ‘ಫೀ’, ರಸ್ತೆಗೆ ಕೊಡುವುದು ‘ಟೋಲ್’, ತಪ್ಪಿಗೆ ತೆರುವುದು ‘ಫೈನ್’. ಮಾಡಿಕೊಟ್ಟ ಸೇವೆಗೆ ಕೇಳುವುದು ‘ಚಾರ್ಜ್’. ಆದರೆ ‘ಬಸ್ ಚಾರ್ಜ್’ ಕನ್ನಡದೊಳಗೆ ನೆಲೆನಿಂತ ಮಾತು, ಕಂಡಕ್ಟರಿಗೂ ಪ್ರಯಾಣಿಕರಿಗೂ ಅರ್ಥವಾಗುವ ಮಾತು. ಕನ್ನಡ ಆಡುವಾಗ ಅದನ್ನು ತಿದ್ದಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಬಿಲ್ಲುಗಳಲ್ಲಿ ಬರುವ ಚಾರ್ಜುಗಳನ್ನು ಮಾತ್ರ ಎಲ್ಲರೂ ಕಣ್ಣಿಟ್ಟು ಓದಬೇಕು. ವಿದ್ಯುತ್ ಬಿಲ್ಲಿನ ನಿಗದಿತ ಶುಲ್ಕವು ಮನೆಗೆ ಮಂಜೂರಾದ ಲೋಡಿಗೆ ತಕ್ಕಂತೆ ಬೀಳುವಂಥದ್ದು, ತಿಂಗಳಿಡೀ ದೀಪ ಹಚ್ಚದಿದ್ದರೂ ತಪ್ಪದು. ಬಳಸಿದ ಯೂನಿಟ್ಟುಗಳ ಶುಲ್ಕ ಬೇರೆ. ಹೋಟೆಲಿನ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದಿದ್ದರೆ ಅದು ಸರ್ಕಾರದ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೇಡವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ವ್ಯಾಪಾರಿಗಳ ನಡುವೆ ಕೇಳಿಬರುವ ‘ರಿವರ್ಸ್ ಚಾರ್ಜ್’ ಹೊರೆ ತಿರುಗಿ ಬೀಳುವ ವ್ಯವಸ್ಥೆ: ಸಾಮಾನ್ಯವಾಗಿ ಮಾರಿದವರು ಜಿಎಸ್‌ಟಿ ಕಟ್ಟಬೇಕು, ಆದರೆ ವಕೀಲರ ಸೇವೆಯಂಥ ಕೆಲವು ಸಂದರ್ಭಗಳಲ್ಲಿ ಸೇವೆ ಪಡೆದ ಉದ್ದಿಮೆಯೇ ಸರ್ಕಾರಕ್ಕೆ ನೇರವಾಗಿ ಕಟ್ಟಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕಡೆ ‘ಆನೆ ಚಾರ್ಜ್ ಮಾಡಿತು’ ಎನ್ನುತ್ತಾರೆ. ಇಲ್ಲಿ ಯಾವ ಹೊರೆ? ಲಾಠಿ ಚಾರ್ಜಿನಲ್ಲಿ? (ಕಾಫಿ ಬೆಳೆಗಾರರು, ಸಕಲೇಶಪುರ)

ಇಲ್ಲಿ ಹೊರೆಯ ಚಿತ್ರ ಮಸುಕಾಗಿದೆ. ಆಯುಧವನ್ನು ದಾಳಿಗೆ ಅಣಿಗೊಳಿಸುವುದಕ್ಕೆ, ಅಂದರೆ ಬಂದೂಕಿಗೆ ಮದ್ದು ತುಂಬುವುದಕ್ಕೂ ಭರ್ಜಿಯನ್ನು ಗುರಿಗೆ ಒಡ್ಡುವುದಕ್ಕೂ ಈ ಪದ ಬಳಕೆಯಲ್ಲಿದ್ದು, ಅಲ್ಲಿಂದ ಶತ್ರುವಿನ ಮೇಲೆ ನುಗ್ಗುವ ಕ್ರಿಯೆಗೇ ಹೆಸರಾಯಿತು ಎಂಬುದು ಪದಚರಿತ್ರೆಯವರ ವಿವರಣೆ. ಯುದ್ಧದ ಕುದುರೆಗೆ ‘ಚಾರ್ಜರ್’ ಎಂಬ ಹೆಸರಿದ್ದುದೂ ಇದರಿಂದಲೇ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸ್ನಾನಿಕ ಯೋಹಾನನ ತಲೆಯನ್ನು ತಂದದ್ದು ‘ಚಾರ್ಜರ್’ನಲ್ಲಿ ಎಂದಿದೆ, ಅದು ಕುದುರೆಯಲ್ಲ, ಊಟವನ್ನು ಹೊರುವ ದೊಡ್ಡ ತಟ್ಟೆ.

ಆನೆಯ ವಿಷಯದಲ್ಲಿ ಅರಣ್ಯ ಸಿಬ್ಬಂದಿ ‘ಮಾಕ್ ಚಾರ್ಜ್’ ಎಂಬ ಮಾತನ್ನೂ ಬಳಸುತ್ತಾರೆ. ಕಿವಿಯಗಲಿಸಿ, ಘೀಳಿಟ್ಟು, ಕೆಲವು ಹೆಜ್ಜೆ ನುಗ್ಗಿ ನಿಂತುಬಿಡುವ ಬೆದರಿಕೆಯ ನಡೆ ಅದು. ನಿಜವಾದ ದಾಳಿಯಲ್ಲಿ ಆನೆ ಹೆಚ್ಚಾಗಿ ಕಿವಿಗಳನ್ನು ಹಿಂದಕ್ಕೆ ಒತ್ತಿ, ಸೊಂಡಿಲನ್ನು ಒಳಕ್ಕೆ ಸುರುಳಿ ಸುತ್ತಿ, ಸದ್ದಿಲ್ಲದೆ ಬರುತ್ತದೆ. ಆದರೆ ಯಾವುದು ಬೆದರಿಕೆ, ಯಾವುದು ದಾಳಿ ಎಂದು ನಿಂತು ಪರೀಕ್ಷಿಸುವುದು ಜೀವಕ್ಕೆ ಅಪಾಯ, ದೂರ ಸರಿಯುವುದೊಂದೇ ದಾರಿ. ಮೊದಲನೆಯದಕ್ಕೆ ‘ಹುಸಿದಾಳಿ’ ಎಂಬ ಕನ್ನಡ ಪದ ಸೊಗಸಾಗಿ ಒಪ್ಪುತ್ತದೆ.

ಲಾಠಿ ಚಾರ್ಜ್ ಹಿಂದಿಯ ಕೋಲಿಗೆ ಇಂಗ್ಲಿಷಿನ ನುಗ್ಗಾಟ ಸೇರಿ ಭಾರತದಲ್ಲೇ ಹುಟ್ಟಿದ ಜೋಡಿಪದ. ಕನ್ನಡದಲ್ಲಿ ‘ಲಾಠಿ ಪ್ರಹಾರ’ ಎನ್ನುತ್ತೇವೆ. ಅಕ್ರಮ ಕೂಟವನ್ನು ಬಲಪ್ರಯೋಗದಿಂದ ಚದುರಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಪ್ರಕರಣದಲ್ಲಿದೆ, ಆದರೆ ಚದುರಿಹೋಗಿರೆಂಬ ಆಜ್ಞೆ ಮೊದಲು ಆಗಬೇಕೆಂಬುದು ಅಲ್ಲಿನ ಸಾಮಾನ್ಯ ಕ್ರಮ. ಪತ್ರಿಕೆಗಳು ಪೊಲೀಸರ ಹೇಳಿಕೆಯನ್ನು ಹಾಗೆಯೇ ಎತ್ತಿಕೊಂಡು ‘ಲಘು ಲಾಠಿ ಪ್ರಹಾರ’ ಎಂದು ಬರೆಯುತ್ತವೆ. ಏಟು ತಿಂದವರನ್ನು ಕೇಳದೆ ಅದು ಲಘುವೆಂದು ನಿರ್ಧರಿಸುವುದು ಸರಿಯಲ್ಲ. ‘ಲಾಠಿ ಬೀಸಿದರು’ ಎಂದು ನಡೆದುದನ್ನಷ್ಟೇ ಬರೆದರೆ ಸಾಕು.

ಪ್ರಶ್ನೆ: ‘ರೀಚಾರ್ಜ್’ಗೆ ಕನ್ನಡವೇನು? (ಓದುಗರು, ಬೆಂಗಳೂರು)

ಯಾವ ರೀಚಾರ್ಜ್ ಎಂಬುದರ ಮೇಲೆ ಹೋಗುತ್ತದೆ. ಕೆರೆ, ಇಂಗುಗುಂಡಿಗಳ ಮೂಲಕ ನೆಲದೊಳಗೆ ನೀರಿಳಿಸುವುದಕ್ಕೆ ‘ಅಂತರ್ಜಲ ಮರುಪೂರಣ’ ಎಂಬ ಪದ ಇಲಾಖೆಗಳಲ್ಲೂ ಪತ್ರಿಕೆಗಳಲ್ಲೂ ನೆಲೆಯಾಗಿದೆ, ‘ನೀರಿಂಗಿಸುವುದು’ ಎಂಬ ರೈತರ ಮಾತು ಅದಕ್ಕಿಂತಲೂ ಚೆನ್ನ. ಮೊಬೈಲಿನ ರೀಚಾರ್ಜಿಗೆ ಹೊಸ ಪದ ಕಟ್ಟುವ ಶ್ರಮ ಬೇಡ. ನಮ್ಮ ಜನ ‘ಕರೆನ್ಸಿ ಹಾಕಿಸು’ ಎಂಬ ಮಾತನ್ನು ಅಂಗಡಿಕಟ್ಟೆಯಲ್ಲೇ ಮಾಡಿಕೊಂಡು, ಕಾರ್ಡು ಕೆರೆದು ಅಂಕಿ ಒತ್ತುತ್ತಿದ್ದ ಕಾಲದಿಂದಲೂ ಬಳಸುತ್ತಿದ್ದಾರೆ.